ಬಿದ್ದ ನೆಲಕ್ಕೆ ನೋಟಿಸು

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನನ್ನ ಮಗನಿಗೆ ಇಪ್ಪತ್ತು ವರ್ಷ. ಕಳೆದ ತಿಂಗಳು ಒಂದು ರವಿವಾರ ಗುಂಪಿನ ಜೊತೆ ಯಳ್ಳೂರಿನ ರಾಜಹಂಸಗಡಕ್ಕೆ ಗೇರ್ ಸೈಕಲ್ ಒಯ್ದಿದ್ದ. ಇಳಿಯುವಾಗ ಕಾಲುದಾರಿಯ ತಿರುವಿನಲ್ಲಿ ಬಿದ್ದು ಕೊರಳೆಲುಬು ಮುರಿದುಕೊಂಡ. ಪಕ್ಕದ ಹೊಲದ ರೈತರು ತಮ್ಮ ಟೆಂಪೋದಲ್ಲಿ ಆಸ್ಪತ್ರೆಗೆ ಮುಟ್ಟಿಸಿದರು. ಪ್ಲೇಟ್ ಹಾಕಿದ್ದಾರೆ, ಖರ್ಚು ಒಂದು ಲಕ್ಷ ದಾಟಿದೆ. ಗುಂಪಿನ ಹುಡುಗರು ತಲೆಗೆ ಇನ್ನೂರು ರೂಪಾಯಿ ತೆಗೆದುಕೊಂಡು ‘ಸ್ವಂತ ಜವಾಬ್ದಾರಿ’ ಎಂಬ ಹಾಳೆಗೆ ಸಹಿ ಮಾಡಿಸಿದ್ದರಂತೆ. ದಾರಿ ಆ ರೈತರ ಹೊಲದ ಬದುವಿನ ಮೇಲಿದೆ. ವಿದೇಶದಲ್ಲಿ ಇಂಥದ್ದಕ್ಕೆ ಕೋಟಿಗಟ್ಟಲೆ ಪರಿಹಾರ ಸಿಗುತ್ತದೆ. ಇಬ್ಬರಿಗೂ ವಕೀಲರ ನೋಟಿಸ್ ಕಳಿಸಬೇಕೆಂದಿದ್ದೇನೆ, ಕರಡು ಜೊತೆಗಿದೆ. ನಿಮ್ಮ ಅಭಿಪ್ರಾಯ ತಿಳಿಸಿ. ಮಗ ಮಾತ್ರ ಬೇಡ ಎನ್ನುತ್ತಿದ್ದಾನೆ.
– ಒಬ್ಬ ಓದುಗ, ಹಿಂದವಾಡಿ, ಬೆಳಗಾವಿ

ಸಂಪಾದಕರ ಉತ್ತರ: ಮೊದಲು ಹುಡುಗನ ಭುಜ ಬೇಗ ವಾಸಿಯಾಗಲಿ. ಆ ವಯಸ್ಸಿನಲ್ಲಿ ವಾರಗಟ್ಟಲೆ ಸುಮ್ನೆ ಕೂರುವುದು ಮುರಿದ ಎಲುಬಿಗಿಂತ ಜಾಸ್ತಿ ನೋವು. ನಿಮ್ಮ ಪತ್ರವನ್ನೂ ಕರಡನ್ನೂ ಎರಡು ಸಲ ಓದಿದೆ. ಅಚ್ಚುಕಟ್ಟಾಗಿ ಬರೆದಿದ್ದೀರಿ. ಆದರೆ ಇಡೀ ಲಕೋಟೆಯಲ್ಲಿ ನನಗೆ ಹಿಡಿಸಿದ್ದು ಕೊನೆಯ ಒಂದು ಸಾಲು. ಮಗನ ಮಾತು ಕೇಳಿ ಅಂತ ಬರೆದು ಮುಗಿಸಬಹುದಿತ್ತು. ಏನು ಮಾಡಲಿ, ನೀವು ಕೆಣಕಿದ್ದು ನನ್ನ ಹಳೆಯ ಹುಣ್ಣನ್ನು. ಪುಟ ತುಂಬುತ್ತದೆ, ಸಹಿಸಿಕೊಳ್ಳಿ.

ನಮ್ಮ ಕಡೆ ಕೂಸು ಎಡವಿ ಬಿದ್ದರೆ ಅಜ್ಜಿ ಏನು ಮಾಡುತ್ತಾಳೆ? ನೆಲಕ್ಕೆ ಎರಡು ಏಟು ಹಾಕುತ್ತಾಳೆ. “ಹತ್! ನಮ್ಮ ಕೂಸಿನ್ನ ಬೀಳಸ್ತಿಯೇನು?” ಕೂಸು ಅಳು ನಿಲ್ಲಿಸಿ ತಾನೂ ಒಂದು ಏಟು ಹಾಕುತ್ತದೆ. ಎರಡು ವರ್ಷದ ಕೂಸಿಗೆ ಅದು ಚೆಂದ. ಇಪ್ಪತ್ತು ವರ್ಷದವನ ಪರವಾಗಿ ನೀವು ಅದೇ ಏಟನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಲು ಹೊರಟಿದ್ದೀರಿ.

ನಾನು ವಕೀಲನಲ್ಲ, ಕೋರ್ಟಿನ ಸುದ್ದಿ ಬರೆದು ತಲೆ ಬೆಳ್ಳಗಾದವನು. ನಿಮ್ಮ ಕಡೆಗೂ ನ್ಯಾಯ ಇಲ್ಲದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಹಿ ಹಾಕಿದ ಹಾಳೆ ಎಲ್ಲ ತಪ್ಪನ್ನೂ ಮುಚ್ಚುವುದಿಲ್ಲ. ಹಣ ಪಡೆದು ವ್ಯಾಪಾರವಾಗಿ ಸವಾರಿ ನಡೆಸುವವರು ಬ್ರೇಕ್ ಕೆಟ್ಟ ಸೈಕಲ್ ಬಾಡಿಗೆಗೆ ಕೊಟ್ಟಿದ್ದರೆ, 2019ರ ಗ್ರಾಹಕ ಕಾಯ್ದೆಯ ಕೆಳಗೆ ಅವರನ್ನು ಕೇಳಬಹುದು. ಹುಡುಗನಿಗೆ ಹದಿನೆಂಟು ತುಂಬಿರದಿದ್ದರೆ ಅವನ ಸಹಿಗೆ ಬೆಲೆಯೇ ಇರುತ್ತಿರಲಿಲ್ಲ. ಅಪ್ರಾಪ್ತರ ಕರಾರು ಕರಾರೇ ಅಲ್ಲ ಎಂದು ಬ್ರಿಟಿಷರ ಕಾಲದ ಅತಿ ಮೇಲಿನ ಕೋರ್ಟು, ಪ್ರಿವಿ ಕೌನ್ಸಿಲ್, 1903ರಲ್ಲೇ ಹೇಳಿದೆ. ಮಧ್ಯಪ್ರದೇಶದಲ್ಲಿ ಒಬ್ಬ ಕಾರ್ಮಿಕ ರಾತ್ರಿ ಸೈಕಲ್ ಮೇಲೆ ಮನೆಗೆ ಹೊರಟಿದ್ದ. ರಸ್ತೆಯಲ್ಲಿ ಕರೆಂಟಿನ ತಂತಿ ಬಿದ್ದಿತ್ತು, ಮಳೆನೀರಿನಲ್ಲಿ ಕಾಣಲಿಲ್ಲ, ಸತ್ತ. ಯಾರೋ ಕಳ್ಳತನದಿಂದ ಎಳೆದ ತಂತಿ ಅಂತ ವಿದ್ಯುತ್ ಮಂಡಳಿ ಕೈ ತೊಳೆದುಕೊಳ್ಳಲು ನೋಡಿತು. ಸುಪ್ರೀಂ ಕೋರ್ಟ್ 2002ರಲ್ಲಿ ಒಪ್ಪಲಿಲ್ಲ. ಸರಿಯಾದ ತೀರ್ಪು. ಕಾಣದ ಗಂಡಾಂತರ ಇಟ್ಟವನೇ ತೆರಬೇಕು.

ಇಷ್ಟು ನಿಮ್ಮ ಪಾಲಿಗೆ. ಆದರೆ ರಾಜಹಂಸಗಡದ ಇಳಿಜಾರು ಕಾಣದ ಗಂಡಾಂತರವೇ? ಅದು ಬೆಳಗಾವಿಯಿಂದಲೇ ಕಾಣುತ್ತದೆ ಮಹಾರಾಯರೆ. ಮಳೆ ಬಿದ್ದ ದಾರಿ ಜಾರುತ್ತದೆ ಅಂತ ಬೋರ್ಡು ಬೇರೆ ಹಾಕಬೇಕೇ? ಇಳಿಯುವ ಮಜಾ ಬೇಕು ಅಂತಲೇ ಆ ಹುಡುಗರು ಬೆಳಗ್ಗೆ ಐದಕ್ಕೆ ಎದ್ದು ಅಲ್ಲಿಗೆ ಹೋಗುವುದು, ಅಲ್ವಾ?

ಕಾನೂನಿನಲ್ಲಿ ಇದಕ್ಕೊಂದು ಹಳೆಯ ಲ್ಯಾಟಿನ್ ಮಾತಿದೆ: ವೊಲೆಂಟಿ ನಾನ್ ಫಿಟ್ ಇಂಜುರಿಯಾ. ಗೊತ್ತಿದ್ದೂ ಒಪ್ಪಿ ಹೋದವನು ಆಮೇಲೆ ಅನ್ಯಾಯವಾಯಿತು ಅನ್ನುವಂತಿಲ್ಲ. ದೂರದ ಉದಾಹರಣೆ ಬೇಡ, ನಮ್ಮ ಕರ್ನಾಟಕ ಹೈಕೋರ್ಟಿನದೇ ಇದೆ, 1975ರ ಪದ್ಮಾವತಿ ಮತ್ತು ದುಗ್ಗನಾಯ್ಕ ಪ್ರಕರಣ. ಚಾಲಕನೊಬ್ಬ ಪೆಟ್ರೋಲ್ ಹಾಕಿಸಲು ಜೀಪು ಒಯ್ಯುತ್ತಿದ್ದ. ಪರಿಚಯವಿಲ್ಲದ ಇಬ್ಬರು ಹತ್ತಿಕೊಂಡರು. ಮುಂದಿನ ಬಲಗಾಲಿಯ ಬೋಲ್ಟು ಕಿತ್ತು ಜೀಪು ಮಗುಚಿತು. ಒಬ್ಬ ಸತ್ತ. ಚಾಲಕನದಾಗಲಿ ಮಾಲೀಕನದಾಗಲಿ ಹೊಣೆಯಿಲ್ಲ ಎಂದಿತು ಕೋರ್ಟು. ಅದು ಬರೀ ಆಕಸ್ಮಿಕ, ಮೇಲಾಗಿ ಅವರು ತಾವಾಗಿಯೇ ಹತ್ತಿದವರು. ಗಟ್ಟಿ ಮನಸ್ಸಿನ ತೀರ್ಪು ಅನ್ನಿಸುತ್ತದೆ. ನನಗೂ ಸ್ವಲ್ಪ ಹಾಗೇ ಅನ್ನಿಸಿತ್ತು.

ನೀವು ಹೇಳಿದ ವಿದೇಶದ ಕೋಟಿಗಳಿಗೆ ಬರೋಣ. ಕೆನಡಾದ ಒಂಟಾರಿಯೊದಲ್ಲಿ ಬ್ರೂಸ್ ಕೌಂಟಿ ಅಂತ ಒಂದು ಸ್ಥಳೀಯ ಆಡಳಿತ. ಅದು ನಡೆಸುತ್ತಿದ್ದ ಪರ್ವತ ಸೈಕಲ್ ಪಾರ್ಕಿನಲ್ಲಿ 2008ರಲ್ಲಿ ಒಬ್ಬ ಸವಾರ ಬಿದ್ದು ಕೈಕಾಲು ಎರಡರ ಸ್ವಾಧೀನವನ್ನೂ ಕಳೆದುಕೊಂಡ. ಆಡಳಿತದ್ದೇ ಹೊಣೆ ಎಂದು ತೀರ್ಪಾಯಿತು, 2016ರಲ್ಲಿ ಮೇಲಿನ ಕೋರ್ಟೂ ಎತ್ತಿಹಿಡಿಯಿತು. ಆದರೆ ಅವನು ಬಿದ್ದದ್ದು ಗುಡ್ಡದ ಮೇಲಿಂದಲ್ಲ. ಪಾರ್ಕಿನವರೇ ಮರದಲ್ಲಿ ಕಟ್ಟಿದ್ದ, ಏತದಂತೆ ಮೇಲೆ ಕೆಳಗೆ ಆಡುವ ಹಲಗೆಯ ಮೇಲಿಂದ. ಎಷ್ಟು ಅಪಾಯ ಅಂತ ಸರಿಯಾಗಿ ಎಚ್ಚರಿಸಿರಲಿಲ್ಲ, ಹಿಂದೆ ಬಿದ್ದವರ ಲೆಕ್ಕವನ್ನೂ ಇಟ್ಟಿರಲಿಲ್ಲ. ನಿಮ್ಮ ಯಳ್ಳೂರಿನ ರೈತರು ಯಾವ ಹಲಗೆ ಕಟ್ಟಿದ್ದರು?

ಅದೇ ವಿದೇಶದ ಇನ್ನೊಂದು ಕತೆ ಕೇಳಿ. ಇಂಗ್ಲೆಂಡಿನ ಚೆಷೈರ್‌ನಲ್ಲಿ, 1995ರಲ್ಲಿ, ಹದಿನೆಂಟರ ಹುಡುಗ ಉದ್ಯಾನದ ಕೆರೆಗೆ ಧುಮುಕಿ ಕುತ್ತಿಗೆ ಮುರಿದುಕೊಂಡ. ಈಜಬಾರದು ಅಂತ ಬೋರ್ಡಿತ್ತು. ಇಂಥದ್ದಕ್ಕೆ ಹೆದರಿ ಅಲ್ಲಿನ ಸ್ಥಳೀಯ ಆಡಳಿತ ಮರಳಿನ ದಂಡೆಯ ಮೇಲೆ ಮಣ್ಣು ಸುರಿದು ಗಿಡ ನೆಡಲು ಹೊರಟಿತ್ತು. ಹುಡುಗ ಆ ಆಡಳಿತದ ಮೇಲೆ ದಾವೆ ಹೂಡಿದ. ಕೊನೆಗೆ 2003ರಲ್ಲಿ, ಆಗ ಅಲ್ಲಿನ ಅತಿ ಮೇಲಿನ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ದಾವೆ ತಳ್ಳಿಹಾಕಿತು. ಒಬ್ಬ ತನ್ನಿಷ್ಟದಿಂದ ಧುಮುಕಿದ್ದಕ್ಕೆ, ದಂಡೆಯಲ್ಲಿ ಕೂತು ಮಕ್ಕಳಾಡಿಸುವ ನೂರು ಮಂದಿಯ ಮರಳು ಯಾಕೆ ಹೋಗಬೇಕು? ತೀರ್ಪಿನ ತಿರುಳು ಇದು. ಆ ಹುಡುಗನ ಬಗ್ಗೆ ಮರುಕ ಬರುತ್ತದೆ. ಆದರೂ ಆ ತೀರ್ಪು ಓದಿದ ದಿನ ನಾನು ಎರಡು ಕಪ್ ಚಹಾ ಜಾಸ್ತಿ ಕುಡಿದೆ.

ಗುಡ್ಡದಲ್ಲಿ ಸೈಕಲ್ ಇಳಿಸುವ ಈ ಆಟ ಹುಟ್ಟಿದ್ದೇ ಹೇಗೆ ಗೊತ್ತೇ? ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, 1976ರ ಸುಮಾರಿಗೆ, ಕೆಲವು ಹುಡುಗರು ದಪ್ಪ ಟಯರಿನ ಹಳೆ ಸೈಕಲ್ಲುಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸತೊಡಗಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಬುಡಕ್ಕೆ ಮುಟ್ಟುವಷ್ಟರಲ್ಲಿ ಗಾಲಿಯ ನಡುವಿನ ಹಬ್ ಕಾದು ಒಳಗಿನ ಗ್ರೀಸೆಲ್ಲ ಹೊಗೆ. ಪ್ರತಿ ಸಲ ಹಬ್ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಅದಕ್ಕೇ ಆ ದಾರಿಗೆ ರೀಪ್ಯಾಕ್, ಅಂದರೆ ಮತ್ತೆ ತುಂಬು, ಅಂತಲೇ ಹೆಸರು ಬಿತ್ತು. ಇಪ್ಪತ್ತು ವರ್ಷಕ್ಕೆ, 1996ರಲ್ಲಿ, ಆಟ ಅಟ್ಲಾಂಟಾ ಒಲಿಂಪಿಕ್ಸ್ ಮುಟ್ಟಿತು.

ಬ್ರೇಕ್ ಅಂದಾಗ ನಮ್ಮಪ್ಪ ನೆನಪಾಗುತ್ತಾರೆ. ಗೋಕಾಕದಲ್ಲಿ ನಾನು ಐದನೇ ಇಯತ್ತೆ. ತಾಸಿಗೆ ನಾಲ್ಕಾಣೆ ಬಾಡಿಗೆ ಸೈಕಲ್, ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು. ಇಳಿಜಾರಿನಲ್ಲಿ ಬಿದ್ದೆ. ಮೊಣಕಾಲು ಹರಿಯಿತು, ಮುಂದಿನ ಗಾಲಿ ಹಪ್ಪಳದಂತೆ ಡೊಂಕಾಯಿತು. ಅಂಗಡಿಯವನು ಬೆಂಡ್ ತೆಗೆಯುವ ದುಡ್ಡು ಕೇಳಿದ. ಬ್ರೇಕ್ ಹತ್ತಲಿಲ್ಲ ಅಂತ ನಾನು ಸುಳ್ಳು ಹೇಳಿದೆ. “ಬ್ರೇಕ್ ನಾ ನೋಡೇ ಕೊಟ್ಟೀನ್ರಿ ಮಾಸ್ತರ” ಅಂದ ಅವನು. ಅಪ್ಪ ಇಬ್ಬರ ಮಾತನ್ನೂ ನಂಬಲಿಲ್ಲ. ಸೀಟು ಹಿಡಿದು ಹಿಂದಿನ ಗಾಲಿ ಎತ್ತಿದರು, ಕೈಯಿಂದ ಜೋರಾಗಿ ತಿರುಗಿಸಿದರು, ಬ್ರೇಕ್ ಒತ್ತಿದರು. ಗಾಲಿ ಗಕ್ಕನೆ ನಿಂತಿತು. ನನ್ನ ಮುಖ ನೋಡಿದರು, ಜೇಬಿನಿಂದ ಎರಡು ರೂಪಾಯಿ ತೆಗೆದು ಕೊಟ್ಟರು. ಮುಂದಿನ ಎರಡು ರವಿವಾರ ನಾನು ಅದೇ ಅಂಗಡಿಯ ಪಂಕ್ಚರ್ ಬಕೆಟ್ಟಿಗೆ ನೀರು ತುಂಬಿದೆ.

ಗಾಲಿ ನಿಲ್ಲದೆ ತಿರುಗುತ್ತಲೇ ಇದ್ದಿದ್ದರೆ ಅಪ್ಪ ಅಂಗಡಿಯವನನ್ನು ಬಿಡುತ್ತಿರಲಿಲ್ಲ, ಅದೂ ನನಗೆ ಗೊತ್ತು.

ಈಗ ನಿಮ್ಮ ನೋಟಿಸ್ ಆ ರೈತರಿಗೆ ಮುಟ್ಟಿತು ಅಂತ ಇಟ್ಟುಕೊಳ್ಳಿ. ನಿಮ್ಮ ಮಗನನ್ನು ಟೆಂಪೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದವರು ಅವರು. ಮರುದಿನವೇ ಬದುವಿಗೆ ಜಾಲಿಮುಳ್ಳು ಬೀಳುತ್ತದೆ. ಮುಂದಿನ ಸಲ ಯಾರಾದರೂ ಬಿದ್ದರೆ ಅವರು ಟೆಂಪೋ ತೆಗೆಯುವುದಿಲ್ಲ. ಇನ್ನೂರು ರೂಪಾಯಿ ಕೂಡಿಸಿ ಚಹಾ, ಅವಲಕ್ಕಿ, ಬ್ಯಾಂಡೇಜು ತರುತ್ತಿದ್ದ ಹುಡುಗರು ಗುಂಪು ಮುಚ್ಚುತ್ತಾರೆ. ಆಮೇಲೆ ಮಕ್ಕಳು ಮೊಬೈಲ್ ಬಿಡುವುದಿಲ್ಲ ಅಂತ ನೀವೇ ನನಗೆ ಪತ್ರ ಬರೆಯುತ್ತೀರಿ. ಈಗಾಗಲೇ ಕೆರೆಗೆ ಬೇಲಿ, ಬಾವಿಗೆ ಜಾಳಿಗೆ, ಶಾಲೆಯ ಜಾರುಬಂಡಿಗೆ ಹಗ್ಗ. ಎಲ್ಲಿ ನೋಡಿದರೂ ‘ಪ್ರವೇಶವಿಲ್ಲ’.

ಕೇಳಲೇಬೇಕಾದ ಕಡೆ ಮಾತ್ರ ಯಾರೂ ಕೇಳುವುದಿಲ್ಲ. ವಿಜಯಪುರ, ಬಾಗಲಕೋಟೆ, ಜಮಖಂಡಿಯ ಹುಡುಗರು ಸೈಕ್ಲಿಂಗ್‌ನಲ್ಲಿ ರಾಜ್ಯಕ್ಕೆ ಪದಕ ತರುತ್ತಾರೆ. ಅಭ್ಯಾಸ ಎಲ್ಲಿ? ಹೆದ್ದಾರಿಯಲ್ಲಿ, ಕಬ್ಬಿನ ಟ್ರ್ಯಾಕ್ಟರುಗಳ ನಡುವೆ. ಒಂದಕ್ಕೆ ಎರಡು ಟ್ರೇಲರು, ಜಲ್ಲೆ ಎರಡೂ ಕಡೆ ಹೊರಚಾಚಿ, ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಅದು ಗುದ್ದಿದರೆ ಮೋಟಾರು ವಾಹನ ಕಾಯ್ದೆ ಇದೆ, ಪರಿಹಾರದ ನ್ಯಾಯಮಂಡಳಿ ಇದೆ. ಅಲ್ಲಿ ನೋಟಿಸ್ ಕೊಡಿ, ಅಂಚೆ ಖರ್ಚು ನನ್ನದು. ಹೋದ ಮಳೆಗಾಲದಲ್ಲಿ ನಾನೇ ಸ್ಕೂಟರ್ ಸಮೇತ ಪೈಪಿನ ತಗ್ಗಿಗೆ ಇಳಿದೆ. ಅಗೆದವರು ಒಂದು ಕೆಂಪು ಚಿಂದಿಯನ್ನೂ ಕಟ್ಟಿರಲಿಲ್ಲ. ಮೂರು ಪ್ರತಿಯಲ್ಲಿ ಅರ್ಜಿ ಕೊಟ್ಟೆ. ತಗ್ಗಿನ ಫೋಟೋ ಲಗತ್ತಿಸಿ ಅಂದರು. ಅಷ್ಟರಲ್ಲಿ ತಗ್ಗು ಮುಚ್ಚಿತ್ತು. ತಗ್ಗೇ ಇಲ್ಲವಲ್ಲ ಅಂತ ಅರ್ಜಿ ವಾಪಸು ಬಂತು.

ನಿಮ್ಮ ಒಂದು ಲಕ್ಷ ಸಣ್ಣದಲ್ಲ, ಬಲ್ಲೆ. ನ್ಯೂಜಿಲೆಂಡಿನಲ್ಲಿ 1974ರಿಂದ ಒಂದು ಪದ್ಧತಿ ಇದೆ. ಯಾರ ತಪ್ಪು ಅಂತ ಕೇಳದೆ, ಗುಡ್ಡದಲ್ಲಿ ಬಿದ್ದವನ ಚಿಕಿತ್ಸೆಯ ಖರ್ಚನ್ನೂ ಸರ್ಕಾರದ ನಿಧಿಯೇ ನೋಡುತ್ತದೆ. ಅದಕ್ಕೆ ಬದಲಾಗಿ, ಗಾಯಕ್ಕೆ ಪರಿಹಾರ ಕೊಡಿ ಅಂತ ಇನ್ನೊಬ್ಬರ ಮೇಲೆ ದಾವೆ ಹೂಡುವ ದಾರಿ ಬಹುಮಟ್ಟಿಗೆ ಮುಚ್ಚಿದೆ. ನಮಗೆ ಅದು ಯಾವ ಕಾಲಕ್ಕೋ. ಅಲ್ಲಿಯ ತನಕ ವಕೀಲರ ಫೀಯಲ್ಲಿ ಮಗನಿಗೊಂದು ಅಪಘಾತ ವಿಮೆ ಮಾಡಿಸಿ. ಸಾಹಸ ಕ್ರೀಡೆಗೆ ಅನ್ವಯಿಸುವುದಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಇದೆಯೇ ಅಂತ ಮೊದಲೇ ಓದಿಕೊಳ್ಳಿ.

ಕರಡನ್ನು ಅಂಚೆಯಲ್ಲಿ ವಾಪಸು ಕಳಿಸುತ್ತಿದ್ದೇನೆ. ಅದರಲ್ಲಿ ಗುಂಪಿನವರ ತಪ್ಪು ಏಳು ಅಂಶ ಇದೆ, ಹೊಲದವರ ತಪ್ಪು ನಾಲ್ಕು. ಸೈಕಲ್ಲಿನ ಬಗ್ಗೆ ಒಂದು ಸಾಲೂ ಇಲ್ಲ. ಅದು ಈಗ ಎಲ್ಲಿದೆ, ಮೆಟ್ಟಿಲ ಕೆಳಗೋ? ಹಿಂದಿನ ಗಾಲಿ ಎತ್ತಿ ಒಮ್ಮೆ ತಿರುಗಿಸಿ ಬ್ರೇಕ್ ಹಿಡಿದು ನೋಡಿ. ಪ್ಯಾಡ್ ಎಷ್ಟು ಉಳಿದಿದೆ ಅಂತ ನನಗೂ ಬರೆಯಿರಿ.