ವಿಷ ಹಾಕದೆ, ಬೆಕ್ಕು-ಗೂಬೆಗಳಿಂದ ಬೆಂಗಳೂರಿನ ಇಲಿ ಕಾಟ ತಪ್ಪಿಸಬಹುದಾ?

ಸ್ವಲ್ಪ ಮಟ್ಟಿಗೆ ಹೌದು. ಆದರೆ ಬೆಕ್ಕನ್ನು ಜಾಸ್ತಿ ನಂಬಬೇಡಿ. 2018ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ, ಇಲಿ ತುಂಬಿದ್ದ ಕಸದ ಘಟಕವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನೋಡಿದರು. ಬೆಕ್ಕುಗಳು ಕೊಂದದ್ದು ಬರೀ 2 ಇಲಿ! ಸುಂಡಿಲಿಯನ್ನು ಬೆಕ್ಕು ಬಿಡುವುದಿಲ್ಲ, ನಿಜ. ಮೋರಿಯ ಹೆಗ್ಗಣದ ಕಥೆ ಬೇರೆ. ನಮ್ಮ ಬೀದಿಯ ಬೆಕ್ಕು ಕಾಂಪೌಂಡ್ ಮೇಲೆ ಕೂತು, ಕೆಳಗೆ ಹೆಗ್ಗಣ ಕಸದ ಕವರ್ ಹರಿಯುವುದನ್ನು ಸುಮ್ನೆ ನೋಡುತ್ತಿರುತ್ತದೆ.

ನಿಜವಾದ ಬೇಟೆಗಾರ ಕಣಜ ಗೂಬೆ. ಬಿಳಿ ಮುಖದ್ದು. ಇಲಿಯನ್ನು ಇಡಿಯಾಗಿ ನುಂಗಿ, ಮೂಳೆ-ಕೂದಲನ್ನು ಉಂಡೆ ಮಾಡಿ ಕಕ್ಕುತ್ತದೆ. ಮಲೇಷ್ಯಾದ ತಾಳೆ ತೋಟಗಳಲ್ಲಿ, ಇಸ್ರೇಲಿನ ಹೊಲಗಳಲ್ಲಿ ಗೂಡಿನ ಪೆಟ್ಟಿಗೆ ಇಟ್ಟು ಇವನ್ನು ಕರೆಸಿಕೊಳ್ಳುತ್ತಾರೆ. ಬೆಂಗಳೂರಲ್ಲೂ ಹಳೇ ಕಟ್ಟಡಗಳಲ್ಲಿ, ಅಪಾರ್ಟ್‌ಮೆಂಟಿನ ಸಂದಿಗಳಲ್ಲಿ ಇರುತ್ತವೆ. ಅಪಶಕುನ ಅಂತ ಓಡಿಸಬೇಡಿ. ಹಾಗಂತ ಹಿಡಿದು ತಂದು ಸಾಕುವಂತೆಯೂ ಇಲ್ಲ, ಅದು ಅಪರಾಧ. ಕೇರೆ ಹಾವೂ ಇಲಿ ಹಿಡಿಯುತ್ತದೆ, ವಿಷವೂ ಇಲ್ಲ. ಆದರೆ ಯಾರು ಒಪ್ಪುತ್ತಾರೆ, ಅಲ್ವಾ?

ಇನ್ನೊಂದು ವಿಷಯ. ಬ್ರೊಮಾಡಿಯೋಲೋನ್ ಅನ್ನೋ ಇಲಿ ವಿಷದ ಕೇಕ್ ತಿಂದ ಇಲಿ ತಕ್ಷಣ ಸಾಯುವುದಿಲ್ಲ. ಕೆಲವು ದಿನ ಓಡಾಡಿಕೊಂಡಿರುತ್ತದೆ. ಅದನ್ನು ತಿಂದ ಗೂಬೆಯೂ ಸಾಯಬಹುದು. ಆದ್ದರಿಂದ ಗೂಬೆ ಬೇಕು ಅಂದರೆ ಕೇಕ್ ಬಿಡಬೇಕು.

ಇಲಿಯ ಬಸಿರು ಸುಮಾರು 3 ವಾರ ಅಷ್ಟೇ. ಇಲಿಗೆ ತಿನ್ನೋಕೆ ಸಿಗುವವರೆಗೂ ಎಷ್ಟು ಗೂಬೆ ಇದ್ದರೂ ಸಾಲದು. ಹಸಿ ಕಸವನ್ನು ರಾತ್ರಿ ಹೊರಗಿಡದೆ, ಬೆಳಗ್ಗೆ ಗಾಡಿ ಬಂದಾಗಲೇ ಕೊಡಿ. ಬಚ್ಚಲಿನ ನೀರು ಹೋಗುವ ಪೈಪಿಗೆ ಕಬ್ಬಿಣದ ಜಾಲರಿ ಹಾಕಿಸಿ.