ಚಿನ್ನದ ಹಾಳೆ ದಾಟಿದ ಜೋಡಿ

ತೀರ್ಥಹಳ್ಳಿಯ ಹೈಸ್ಕೂಲ್ ಮೇಷ್ಟ್ರೊಬ್ಬರ ಪತ್ರ: “ಹೆಣೆದುಕೊಂಡ ಫೋಟಾನುಗಳು ಬಲು ನಾಜೂಕು, ಏನಾದರೂ ತಾಗಿದರೆ ನಂಟು ಹರಿದುಹೋಗುತ್ತದೆ ಎಂದು ಹೋದ ತಿಂಗಳು ಬರೆದಿದ್ದಿರಿ. ಲೋಹದ ಹಾಳೆ ದಾಟಿದರೂ ನಂಟು ಉಳಿಯುತ್ತದಂತೆ. ಯಾವುದು ಸರಿ?” ಪತ್ರದ ಜೊತೆ, ಮಕ್ಕಳು ಸೂಜಿಯಲ್ಲಿ ಚುಚ್ಚಿದ ಚಾಕೊಲೇಟಿನ ಬೆಳ್ಳಿ ಹಾಳೆಯೂ ಇತ್ತು.

ಮೇಷ್ಟ್ರೇ, ನೀವು ಕೇಳಿದ್ದು ಸರಿ. ‘ತಾಗಿದರೆ’ ಎಂದು ನಾನು ಬರೆದದ್ದು ತಪ್ಪು. ಫೋಟಾನ್ ಅಂದರೆ ಬೆಳಕಿನ ಕಣ. ಹೆಣೆದುಕೊಂಡ ಜೋಡಿಯಲ್ಲಿ ಎರಡೂ ದೂರ ಹೋದರೂ, ಒಂದನ್ನು ಅಳೆದಾಗ ಸಿಕ್ಕ ಉತ್ತರಕ್ಕೆ ಇನ್ನೊಂದರ ಉತ್ತರ ಹೊಂದಿಕೊಂಡೇ ಇರುತ್ತದೆ. ಅದೇ ನಂಟು.

2002ರಲ್ಲಿ ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದವರು ಇದನ್ನು ಮಾಡಿ ತೋರಿಸಿದರು. 200 ನ್ಯಾನೋಮೀಟರ್ ದಪ್ಪದ ಚಿನ್ನದ ಪದರ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಅದರಲ್ಲಿ ಅಷ್ಟೇ ಅಗಲದ ತೂತುಗಳು, 700 ನ್ಯಾನೋಮೀಟರಿಗೆ ಒಂದರಂತೆ ಚೌಕಚೌಕವಾಗಿ. ಹಾಯಿಸಿದ ಬೆಳಕಿನ ಅಲೆಯುದ್ದ 813 ನ್ಯಾನೋಮೀಟರ್. ತೂತಿಗಿಂತ ಅಲೆಯೇ ನಾಲ್ಕು ಪಟ್ಟು ದೊಡ್ಡದು! ಬೆಳಕು ಸುಮ್ನೆ ನುಸುಳಿ ಬರಲಿಲ್ಲ. ಚಿನ್ನದ ಮೈಮೇಲಿನ ಕೋಟಿಗಟ್ಟಲೆ ಎಲೆಕ್ಟ್ರಾನುಗಳನ್ನು ಒಟ್ಟಿಗೆ ತೂಗಾಡಿಸಿತು. ಎಲೆಕ್ಟ್ರಾನುಗಳ ಆ ತೂಗಾಟದ ಅಲೆಗೆ ಪ್ಲಾಸ್ಮಾನ್ ಎನ್ನುತ್ತಾರೆ. ಅದೇ ಆಚೆ ಬದಿಯಲ್ಲಿ ಮತ್ತೆ ಫೋಟಾನ್ ಆಗಿ ಹೊರಟಿತು. ಎಷ್ಟೋ ಫೋಟಾನುಗಳು ದಾರಿಯಲ್ಲೇ ಕಳೆದುಹೋದವು, ನಿಜ. ದಾಟಿ ಬಂದವು ಮಾತ್ರ ತಮ್ಮ ಜೋಡಿಯನ್ನು ಬಿಟ್ಟಿರಲಿಲ್ಲ.

ಹೇಗೆ? ನಮ್ಮ ಮಳೆಗಾಲದ ಜಗಲಿ ನೆನಪು ಮಾಡಿಕೊಳ್ಳಿ. ಕೆಸರುಗಾಲಲ್ಲಿ ಹತ್ತಿದರೆ ಯಾರು, ಯಾವ ಕಡೆ ಹೋದರು ಎಲ್ಲ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಊರೇ ಹತ್ತಿ ಇಳಿದರೂ ಗುರುತಿಲ್ಲ. ನಂಟು ಕೆಡುವುದು ಮುಟ್ಟಿದ್ದರಿಂದಲ್ಲ, ಬಿಟ್ಟುಹೋದ ಹೆಜ್ಜೆಯಿಂದ. ಇಲ್ಲಿ ಹೆಣೆದುಕೊಂಡಿದ್ದು ಪೋಲರೈಸೇಶನ್, ಅಂದರೆ ಬೆಳಕು ಕಂಪಿಸುವ ದಿಕ್ಕು. ಆ ದಿಕ್ಕು ಯಾವುದೆಂಬ ಗುರುತು ಚಿನ್ನದಲ್ಲಿ ಉಳಿಯಲಿಲ್ಲ. ಅಷ್ಟು ಎಲೆಕ್ಟ್ರಾನುಗಳ ಜಾತ್ರೆಯಲ್ಲಿ ಒಂದೂ ಅದನ್ನು ನೆನಪಿಟ್ಟುಕೊಳ್ಳಲಿಲ್ಲ ಅಂದರೆ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಅದೇ ಬೆಳಕನ್ನು ಲೆನ್ಸಿನಿಂದ ಚಿಕ್ಕ ಚುಕ್ಕೆ ಮಾಡಿ ಬಿಟ್ಟಾಗ ನಂಟು ಸಡಿಲವಾಯಿತು. ಪ್ಲಾಸ್ಮಾನ್ ತಾನು ಕಂಪಿಸುವ ದಿಕ್ಕಿಗೇ ಸ್ವಲ್ಪ ಓಡುತ್ತದೆ. ಚುಕ್ಕೆ ಅಷ್ಟು ಚಿಕ್ಕದಾದಾಗ, ಎಲ್ಲಿಂದ ಹೊರಬಿತ್ತು ಎನ್ನುವುದೇ ದಿಕ್ಕನ್ನು ಹೇಳಿಬಿಡುತ್ತದೆ. ಅದೇ ಕೆಸರು ಹೆಜ್ಜೆ.

ಮಕ್ಕಳ ಹಾಳೆಯನ್ನು ಕಿಟಕಿಗೆ ಹಿಡಿದು ನೋಡಿದೆ. ಕೆಲವು ತೂತು ಗುಂಡಗಿವೆ, ಕೆಲವು ಸೂಜಿ ಜಾರಿ ಉದ್ದಕ್ಕೆ ಸೀಳಿವೆ. ನ್ಯಾನೋ ಅಳತೆಯಲ್ಲಿ ಹೀಗೆ ಎಲ್ಲ ತೂತೂ ಒಂದೇ ಕಡೆಗೆ ಉದ್ದವಾದರೆ, ಒಂದು ದಿಕ್ಕಿನ ಕಂಪನ ಜಾಸ್ತಿ ದಾಟುತ್ತದೆ, ಇನ್ನೊಂದು ಕಮ್ಮಿ. ಆಗಲೂ ನಂಟು ಕೆಡುತ್ತದೆ. ಗುಂಡು ತೂತು, ಚೌಕದ ಸಾಲು ಯಾಕೆ ಬೇಕಾಯಿತು ಎಂದು ಮಕ್ಕಳನ್ನೇ ಕೇಳಿ ನೋಡಿ. ಅವರು ಹೇಳಿದ್ದನ್ನು ನನಗೂ ಬರೆಯಿರಿ.