ಓಹಾಯೋ ಸ್ಟೇಟ್‌ನ 2024ರ ಸೀಸನ್: ಸೋತ ಮ್ಯಾಚ್‌ನಿಂದಲೇ ನೋಡಲು ಶುರು ಮಾಡಿ

ನಮಸ್ಕಾರ ಮೇಡಂ. ಮಗಳು ಓದಲು ಅಮೆರಿಕದ ಕೊಲಂಬಸ್‌ಗೆ ಹೋಗಿದ್ದಾಳೆ, ಫೋನ್ ಮಾಡಿದಾಗೆಲ್ಲ ಅಲ್ಲಿನ ಕಾಲೇಜ್ ಫುಟ್‌ಬಾಲ್ (ಚೆಂಡನ್ನು ಕೈಲಿ ಹಿಡಿದು ಆಡುವ ಅಮೆರಿಕನ್ ಆಟ) ಮಾತೇ, ನನಗೆ ಒಂದೂ ತಿಳಿಯುವುದಿಲ್ಲ, ಎಲ್ಲಿಂದ ನೋಡಲಿ ಎಂದು ಕೇಳಿದ್ದೀರಿ. ಅಲ್ಲಿನ ವಿಶ್ವವಿದ್ಯಾಲಯದ ತಂಡ ಓಹಾಯೋ ಸ್ಟೇಟ್ ಕಪ್ ಗೆದ್ದ 2025ರ ಜನವರಿಯ ಫೈನಲ್ ಒಂದು ನೋಡಿದರೆ ಸಾಕು ಎಂದು ನಿಮ್ಮ ಪ್ರಶ್ನೆಗೆ ಒಬ್ಬರು ಉತ್ತರ ಬರೆದಿದ್ದಾರೆ. ನಾನು ಬೇರೆ ದಾರಿ ಹೇಳುತ್ತೇನೆ. ಓಹಾಯೋ ಸ್ಟೇಟ್ ಸೋತ ಮ್ಯಾಚ್‌ನಿಂದ ಶುರು ಮಾಡಿ. 2024ರ ನವೆಂಬರ್ 30, ಪಕ್ಕದ ರಾಜ್ಯದ ಹಳೆಯ ಎದುರಾಳಿ ಮಿಶಿಗನ್ ವಿರುದ್ಧದ ಮ್ಯಾಚ್. ಅದನ್ನು ನೋಡದೆ ಫೈನಲ್ ನೋಡಿದರೆ, ಒಂದು ತಂಡ ಕಪ್ ಗೆದ್ದಿತು ಅಂತಷ್ಟೇ ಅನಿಸುತ್ತದೆ.

ಮೊದಲು ಆಟದ ಲೆಕ್ಕ. ಚೆಂಡು ಕೈಲಿರುವ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ಹೊಸದಾಗಿ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೂ 1. ಗೆರೆ ದಾಟಲು ಆಗದೆ ದೂರದಿಂದಲೇ ಕಂಬಗಳ ನಡುವೆ ಒದ್ದರೆ ಅದು ಫೀಲ್ಡ್ ಗೋಲ್, 3 ಅಂಕ. ಉಳಿದ ನಿಯಮಗಳನ್ನು ಈಗ ಬಿಡಿ, ನೋಡುತ್ತಾ ಬರುತ್ತವೆ.

ಇನ್ನೊಂದು ಮಾತು. ಚೆಂಡನ್ನೇ ನೋಡುತ್ತಾ ಕೂರಬೇಡಿ. ಚೆಂಡು ಎಸೆಯುವವನ ಮುಂದೆ ದಪ್ಪ ದಪ್ಪ ಆಳುಗಳು ಐದು ಜನ ಸಾಲಾಗಿ ಬಗ್ಗಿ ನಿಂತಿರುತ್ತಾರಲ್ಲ, ಅವರನ್ನು ನೋಡಿ. ಎದುರಿನವರು ನುಗ್ಗದಂತೆ ತಡೆಯುವುದು ಅವರ ಕೆಲಸ. ಕಬಡ್ಡಿಯಲ್ಲಿ ರೈಡರ್ ಜೊತೆಗೆ ಕಾರ್ನರ್, ಕವರ್ ಯಾರು ಅಂತ ನೋಡ್ತೀವಲ್ವಾ, ಹಾಗೆ. ಆ ವರ್ಷದ ಇಡೀ ಕಥೆ ಈ ಸಾಲಿನಲ್ಲೇ ಇದೆ.

ಮೊದಲ ಐದು ಮ್ಯಾಚ್ ಸುಲಭವಾಗಿ ಗೆದ್ದರು. ಅವನ್ನು ಬಿಟ್ಟರೂ ನಷ್ಟವಿಲ್ಲ. ಅಕ್ಟೋಬರ್ 12ರಂದು ಒರೆಗಾನ್ ತಂಡದ ಊರಲ್ಲಿ 32-31, ಒಂದೇ ಅಂಕದಲ್ಲಿ ಸೋಲು. ಆದರೆ ಆ ರಾತ್ರಿಯ ದೊಡ್ಡ ಪೆಟ್ಟು ಬೇರೆ. ಸಾಲಿನ ಎಡ ತುದಿಯ ಜೋಶ್ ಸಿಮನ್ಸ್ ಮೊಣಕಾಲಿಗೆ ಏಟಾಗಿ ಸೀಸನ್‌ನಿಂದಲೇ ಹೊರಗೆ ಹೋದರು. ಅವರ ಜಾಗಕ್ಕೆ ಬಂದವರಿಗೂ ನೆಬ್ರಾಸ್ಕಾ ಮ್ಯಾಚ್‌ನಲ್ಲಿ ಏಟಾಯಿತು. ಆಗ ಪಕ್ಕದಲ್ಲಿ ಆಡುತ್ತಿದ್ದ ಡೊನೊವನ್ ಜಾಕ್ಸನ್ ಅವರನ್ನು ತುದಿಗೆ ಸರಿಸಿದರು. ನವೆಂಬರ್‌ನಲ್ಲಿ ನಡುವಿನ ಸೆತ್ ಮೆಕ್‌ಲಾಫ್ಲಿನ್ ಅವರಿಗೆ ಪ್ರಾಕ್ಟೀಸ್‌ನಲ್ಲೇ ಹಿಮ್ಮಡಿಯ ನರ ಹರಿಯಿತು. ಐದರಲ್ಲಿ ಇಬ್ಬರು ಮುಖ್ಯರು ಹೋದರು. ಆದರೂ ಸಿಮನ್ಸ್ ಇಲ್ಲದೆ ಪೆನ್ ಸ್ಟೇಟ್ ಮೇಲೆ 20-13, ಆಮೇಲೆ ಇಬ್ಬರೂ ಇಲ್ಲದೆ ಇಂಡಿಯಾನಾ ಮೇಲೆ 38-15 ಗೆದ್ದರು. ನನಗೆ ಆ ಪೆನ್ ಸ್ಟೇಟ್ ಮ್ಯಾಚ್ ತುಂಬಾ ಇಷ್ಟ. ಎದುರಾಳಿ ಗೆರೆಯಿಂದ 3 ಗಜ ದೂರ ಬಂದು ನಿಂತಿದ್ದಾರೆ, ನಾಲ್ಕು ಅವಕಾಶ ಇದೆ, ನಾಲ್ಕನ್ನೂ ತಡೆದರು. ಆಮೇಲೆ ಉಳಿದ ಐದು ನಿಮಿಷ ಚೆಂಡನ್ನು ಎದುರಾಳಿಗೆ ಕೊಡಲೇ ಇಲ್ಲ.

ಈಗ ನವೆಂಬರ್ 30. ಮಿಶಿಗನ್ ಆ ವರ್ಷ ಆಗಲೇ ಐದು ಮ್ಯಾಚ್ ಸೋತಿತ್ತು. ಓಹಾಯೋ ಸ್ಟೇಟ್ ಆಡುತ್ತಿದ್ದದ್ದು ಸ್ವಂತ ಮೈದಾನದಲ್ಲಿ, ಒಂದು ಲಕ್ಷಕ್ಕೂ ಜಾಸ್ತಿ ಜನರ ಮುಂದೆ. ಗೆಲುವಿನ ಬಗ್ಗೆ ಯಾರಿಗೂ ಅನುಮಾನ ಇರಲಿಲ್ಲ. ಆದರೆ ಮಿಶಿಗನ್‌ನ ಬಲ ಇದ್ದದ್ದು ನಡುವಿನಲ್ಲಿ. ಮೇಸನ್ ಗ್ರಹಾಂ, ಕೆನೆತ್ ಗ್ರಾಂಟ್ ಅಂತ ಇಬ್ಬರು ಗೋಡೆಯಂಥ ಆಳುಗಳು. ಓಹಾಯೋ ಸ್ಟೇಟ್ ಆ ಗೋಡೆಗೇ ಮತ್ತೆ ಮತ್ತೆ ಹಾಯ್ದಿತು. ಬದಿಯಲ್ಲಿ ಜೆರೆಮಯಾ ಸ್ಮಿತ್ ಇದ್ದರು. ಮೊದಲ ವರ್ಷದ ಹುಡುಗ, ಆದರೆ ದೇಶದ ಅತ್ಯುತ್ತಮ ಕ್ಯಾಚರ್‌ಗಳಲ್ಲಿ ಒಬ್ಬ. ಅಂಥವರ ಕಡೆಗೆ ಚೆಂಡು ಹೋದದ್ದೇ ಕಡಿಮೆ. ಇದು ತಂಡದ ಹಟ, ಬೇರೆ ಹೆಸರು ನನಗೆ ತೋಚುವುದಿಲ್ಲ. 10-10 ಇದ್ದಾಗ 45 ಸೆಕೆಂಡ್ ಬಾಕಿ ಇರುವಂತೆ ಮಿಶಿಗನ್ ಫೀಲ್ಡ್ ಗೋಲ್ ಒದ್ದಿತು. 13-10. ಮ್ಯಾಚ್ ಮುಗಿದ ಮೇಲೆ ಬಾವುಟದ ವಿಷಯಕ್ಕೆ ಹೊಡೆದಾಟ ಆಯಿತು, ಅದನ್ನು ನೋಡುವ ಅಗತ್ಯವಿಲ್ಲ.

ಈ ಸೋಲು ಯಾಕೆ ಅಷ್ಟು ನೋವು ಕೊಟ್ಟಿತು ಅಂದರೆ, ಜ್ಯಾಕ್ ಸಾಯರ್, ಟ್ರೆವಿಯಾನ್ ಹೆಂಡರ್ಸನ್, ಎಮೆಕಾ ಎಗ್ಬುಕಾ, ಜೆಟಿ ಟುಯಿಮೊಲೊವಾ ಇವರೆಲ್ಲ 2021ರಲ್ಲಿ ಸೇರಿದವರು. 2023ರ ಸೀಸನ್ ಮುಗಿದಾಗ ಎನ್‌ಎಫ್‌ಎಲ್‌ಗೆ (ಅಲ್ಲಿನ ವೃತ್ತಿಪರ ಲೀಗ್) ಹೋಗಿ ದುಡ್ಡು ಮಾಡಬಹುದಿತ್ತು. ಮಿಶಿಗನ್ ಮೇಲೆ ಒಮ್ಮೆ ಗೆಲ್ಲಬೇಕು, ಕಪ್ ಗೆಲ್ಲಬೇಕು ಅಂತ ಇನ್ನೊಂದು ವರ್ಷ ಉಳಿದರು. ಅದೂ ಸೇರಿ ಮಿಶಿಗನ್ ಕೈಲಿ ಸತತ ನಾಲ್ಕನೇ ಸೋಲು. ಮನೆಯಂಗಳದಲ್ಲೇ. ಕೋಚ್ ರಯಾನ್ ಡೇ ಅವರನ್ನು ತೆಗೆಯಿರಿ ಎಂಬ ಕೂಗು ಎದ್ದಿತು.

ಹಳೆಯ ಪದ್ಧತಿ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಐಪಿಎಲ್‌ನಲ್ಲಿ 14 ಲೀಗ್ ಮ್ಯಾಚ್‌ನಲ್ಲಿ ಐದಾರು ಸೋತರೂ ಪ್ಲೇಆಫ್ ಸಿಗುತ್ತದೆ. ಇಲ್ಲಿ ಇರುವುದೇ 12 ಮ್ಯಾಚ್, ಮತ್ತು 2023ರ ಸೀಸನ್‌ವರೆಗೆ ಪ್ಲೇಆಫ್‌ಗೆ ನಾಲ್ಕೇ ತಂಡ. ಎರಡು ಸೋತ ತಂಡಕ್ಕೆ ಆ ಹತ್ತು ವರ್ಷದಲ್ಲಿ ಒಮ್ಮೆಯೂ ಜಾಗ ಸಿಗಲಿಲ್ಲ. 2024ರಲ್ಲೇ ಮೊದಲ ಸಲ 12 ತಂಡ ಮಾಡಿದರು. ಓಹಾಯೋ ಸ್ಟೇಟ್ ಎಂಟನೇ ಸ್ಥಾನದಲ್ಲಿ ಒಳಗೆ ಬಂತು.

ಆದ್ದರಿಂದ ನೀವು ಎರಡನೆಯದಾಗಿ ನೋಡಬೇಕಾದದ್ದು ಪ್ಲೇಆಫ್‌ನ ಮೊದಲ ಸುತ್ತು, ಡಿಸೆಂಬರ್ 21ರ ಟೆನ್ನೆಸ್ಸೀ ಮ್ಯಾಚ್. ಮಿಶಿಗನ್ ಮ್ಯಾಚ್ ನೋಡಿದ ಮಾರನೇ ದಿನವೇ ನೋಡಿ. ಮೈದಾನ ಅದೇ, ಆಟಗಾರರು ಅವರೇ, ಮೂರು ವಾರ ಕಳೆದಿದೆ ಅಷ್ಟೆ. ಈ ಸಲ ನಡುವೆ ಹಾಯುವ ಹಟ ಇಲ್ಲ. ಓಹಾಯೋ ಸ್ಟೇಟ್‌ನ ಚೆಂಡು ಎಸೆಯುವವರು ವಿಲ್ ಹೊವರ್ಡ್, ಶುರುವಿನಿಂದಲೇ ಬದಿಗೆ, ಉದ್ದಕ್ಕೆ ಎಸೆಯುತ್ತಾರೆ. ಮೊದಲ ಟಚ್‌ಡೌನ್ ಸ್ಮಿತ್ ಅವರದೇ. ಮೊದಲ ಕ್ವಾರ್ಟರ್‌ಗೇ, ಅಂದರೆ ಆಟದ ಕಾಲು ಭಾಗಕ್ಕೇ 21-0, ಕೊನೆಗೆ 42-17. ಜಾಕ್ಸನ್ ತುದಿಯಲ್ಲಿ ಹೇಗೆ ಗಟ್ಟಿಯಾಗಿ ನಿಂತಿದ್ದಾರೆ ನೋಡಿ. ಆಟಗಾರರು ಬದಲಾಗಲಿಲ್ಲ, ಆಡುವ ರೀತಿ ಬದಲಾಯಿತು.

ಆಮೇಲೆ ಜನವರಿ 1ಕ್ಕೆ ಕ್ವಾರ್ಟರ್‌ಫೈನಲ್, ರೋಸ್ ಬೌಲ್ ಎಂಬ ಮ್ಯಾಚ್‌ನಲ್ಲಿ ಅದೇ ಒರೆಗಾನ್. ಆವರೆಗೆ ಒಂದೂ ಸೋಲದ ತಂಡ. ಎರಡನೇ ಕ್ವಾರ್ಟರ್‌ನಲ್ಲಿ 34-0, ಮುಗಿದಾಗ 41-21. ಸಮಯ ಇಲ್ಲದಿದ್ದರೆ ಇದರ ಹೈಲೈಟ್ಸ್ ಸಾಕು.

ಟೆಕ್ಸಸ್ ಸೆಮಿಫೈನಲ್‌ನ ಕೊನೆಯ ಹತ್ತು ನಿಮಿಷವನ್ನು ಮಾತ್ರ ತಪ್ಪಿಸಬೇಡಿ. 21-14 ಇದೆ, ಟೆಕ್ಸಸ್ ಗೆರೆಯಿಂದ ಒಂದೇ ಗಜ ದೂರ. ಅಲ್ಲಿಂದ ಹಿಂದೆ ತಳ್ಳಿದರು. ನಾಲ್ಕನೇ ಅವಕಾಶದಲ್ಲಿ ಸಾಯರ್ ನುಗ್ಗಿ, ಟೆಕ್ಸಸ್ ಪರ ಚೆಂಡು ಎಸೆಯುವ ಕ್ವಿನ್ ಯೂವರ್ಸ್ ಕೈಯಿಂದ ಚೆಂಡು ಕೆಡವಿ, ತಾನೇ ಎತ್ತಿಕೊಂಡು 83 ಗಜ ಓಡಿದರು. ಯೂವರ್ಸ್ ಮೊದಲು ಓಹಾಯೋ ಸ್ಟೇಟ್‌ನಲ್ಲೇ ಇದ್ದವರು, ಸಾಯರ್ ಅವರ ರೂಮ್‌ಮೇಟ್. ಸಾಯರ್ ಕೊಲಂಬಸ್ ಪಕ್ಕದ ಪಿಕರಿಂಗ್ಟನ್‌ನ ಹುಡುಗ. ಆ ಓಟವನ್ನು ನಾನು ಎಷ್ಟು ಸಲ ನೋಡಿದ್ದೇನೋ, ಈಗಲೂ ಕಣ್ಣು ತುಂಬುತ್ತದೆ.

ಫೈನಲ್ ಜನವರಿ 20, ಅಟ್ಲಾಂಟಾದಲ್ಲಿ, ನಾಟರ್ ಡೇಮ್ ವಿರುದ್ಧ. 31-7 ಇದ್ದದ್ದು 31-23ಕ್ಕೆ ಬಂತು. ಮೂರನೇ ಅವಕಾಶ, ಬೇಕಾದದ್ದು 11 ಗಜ. ಹೊವರ್ಡ್ ಸ್ಮಿತ್‌ಗೆ ಉದ್ದಕ್ಕೆ ಎಸೆದರು, 56 ಗಜ. ನವೆಂಬರ್‌ನಲ್ಲಿ ಎಸೆಯದೆ ಉಳಿದ ಚೆಂಡು ಅದು ಅಂತ ನನಗೆ ಅನಿಸಿತು. 34-23ಕ್ಕೆ ಗೆದ್ದರು. ಒಟ್ಟು 14 ಗೆಲುವು, 2 ಸೋಲು.

ಮುಂದೆ ಲೈವ್ ನೋಡುವುದಾದರೆ, ಅಲ್ಲಿನ ಶನಿವಾರ ಮಧ್ಯಾಹ್ನ 12ರ ಮ್ಯಾಚ್ ನಮಗೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ರಾತ್ರಿ 9:30ಕ್ಕೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದೆ ಹೋಗುವುದರಿಂದ ಆಮೇಲೆ 10:30ಕ್ಕೆ. ಮುಗಿಯಲು ಮೂರೂವರೆ ಗಂಟೆ ಬೇಕು, ಮಧ್ಯಾಹ್ನ ಸ್ವಲ್ಪ ಮಲಗಿರಿ.

ಮಗಳಿಗೂ ಎರಡು ಮಾತು. ಬೀದಿಯಲ್ಲಿ ಯಾರಾದರೂ "ಓ-ಎಚ್" ಎಂದು ಕೂಗಿದರೆ "ಐ-ಓ" ಎಂದು ತಿರುಗಿ ಕೂಗಬೇಕು, ಪರಿಚಯ ಇಲ್ಲದಿದ್ದರೂ. ಮಿಶಿಗನ್ ಮ್ಯಾಚ್‌ನ ವಾರ ಕ್ಯಾಂಪಸ್ ಬೋರ್ಡ್‌ಗಳಲ್ಲಿ ಎಂ ಅಕ್ಷರದ ಮೇಲೆಲ್ಲ ಕೆಂಪು ಗೀಟು ಹಾಕಿರುತ್ತಾರೆ, ಗಾಬರಿಯಾಗುವುದು ಬೇಡ. ಆ ವಾರ ಹಳದಿ-ನೀಲಿ ಬಟ್ಟೆ ಪೆಟ್ಟಿಗೆಯಲ್ಲೇ ಇರಲಿ, ಅದು ಮಿಶಿಗನ್ ಬಣ್ಣ. ಮಿಶಿಗನ್ ಮ್ಯಾಚ್ ನೋಡಿ ಮುಗಿದ ಮೇಲೆ ಇಲ್ಲೇ ಬರೆಯಿರಿ, ಎಲ್ಲಿ ತಿಳಿಯಲಿಲ್ಲ ಅಂತ. ಅಲ್ಲಿಂದ ಮುಂದಕ್ಕೆ ಹೇಳುತ್ತೇನೆ.